ರಿಪೋರ್ಟ್ ಸರಿಯಿದೆ, ನೋವೂ ನಿಜ

ಮಲೆನಾಡಿನ ಸಣ್ಣ ಊರಿನಲ್ಲಿ ಕ್ಲಿನಿಕ್ ನಡೆಸುವ ನನ್ನ ಬಳಿಗೆ ಮೈಕೈ ನೋವೆಂದು ಬರುವವರೇ ಹೆಚ್ಚು. ಕೈಯಲ್ಲಿ ದಪ್ಪ ಫೈಲ್ ಇದ್ದರೆ, ಮೈಯೆಲ್ಲ ತಿಂಗಳುಗಟ್ಟಲೆ ನೋಯಿಸುವ ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆ ಇರಬಹುದೇ ಎಂದು ನಾನು ಮೊದಲು ವಿಚಾರಿಸುವುದು ನಿದ್ದೆಯನ್ನು.

ಅಡಿಕೆ ಸುಲಿಯುವ ಕೆಲಸದ, ನಲವತ್ತರ ಆಸುಪಾಸಿನ ಒಬ್ಬರಿಗೆ ಹೀಗೆ ಕೇಳಿದಾಗ, "ರಾತ್ರಿಯೆಲ್ಲ ಮಲಗಿದರೂ ಬೆಳಗ್ಗೆ ಮೈ ಜಜ್ಜಿದ ಹಾಗಿರುತ್ತದೆ ಮೇಡಂ" ಎಂದರು. ಕತ್ತಿನಲ್ಲಿ ಶುರುವಾದ ನೋವು ವರ್ಷದೊಳಗೆ ಭುಜ, ಸೊಂಟ, ಮೀನಖಂಡಗಳಿಗೆ ಹಬ್ಬಿತ್ತು. ಕತ್ತಿಗೆ ಒಬ್ಬ ವೈದ್ಯರು, ಹೊಟ್ಟೆಯುಬ್ಬರಕ್ಕೆ ಇನ್ನೊಬ್ಬರು, ತಲೆನೋವಿಗೆ ಮತ್ತೊಬ್ಬರು. ಒಲೆಯ ಮೇಲಿಟ್ಟ ಹಾಲು ಮರೆತುಹೋಗುವುದನ್ನು ಅವರು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಎಕ್ಸ್‌ರೇ, ಆರ್‌ಎ ಫ್ಯಾಕ್ಟರ್ (ಸಂಧಿವಾತದ ರಕ್ತಪರೀಕ್ಷೆ), ಯೂರಿಕ್ ಆ್ಯಸಿಡ್ ಎಲ್ಲವೂ ಸಹಜ. "ಏನೂ ಇಲ್ಲವಂತೆ" ಎಂದರು ಜೊತೆಗಿದ್ದ ಗಂಡ. ನೋವಿಗಿಂತ ಆ ಮಾತೇ ಆಕೆಯನ್ನು ಹೆಚ್ಚು ಕುಗ್ಗಿಸಿತ್ತು.

ಮನುಷ್ಯನ ಆಕೃತಿ ಬರೆದ ಹಾಳೆ ಕೊಟ್ಟು, ಹಿಂದಿನ ವಾರ ನೋವಿದ್ದ ಜಾಗಗಳನ್ನೆಲ್ಲ ಗುರುತಿಸಲು ಹೇಳಿದೆ. ಫೈಬ್ರೊಮಯಾಲ್ಜಿಯಾ ಗುರುತಿಸುವ 1990ರ ಮಾನದಂಡದಲ್ಲಿ 18 ಬಿಂದುಗಳನ್ನು ಒತ್ತಿ ನೋಡಿ, 11ರಲ್ಲಿ ನೋವು ಸಿಗಬೇಕಿತ್ತು. ಈಗ ಅದು ಕಡ್ಡಾಯವಲ್ಲ. 2016ರ ಪರಿಷ್ಕೃತ ಮಾನದಂಡ 19 ಜಾಗಗಳನ್ನು ಎಣಿಸುತ್ತದೆ. ಜೊತೆಗೆ ಸುಸ್ತು, ಎದ್ದ ಮೇಲೂ ತಣಿಯದ ನಿದ್ದೆ, ಮರೆವು, ತಲೆನೋವು, ಹೊಟ್ಟೆನೋವು, ಖಿನ್ನತೆಗಳಿಗೆ 12ರವರೆಗೆ ಅಂಕ ಕೊಡುತ್ತದೆ. ಕನಿಷ್ಠ ಏಳು ಜಾಗ ಮತ್ತು ಐದು ಅಂಕ, ಇಲ್ಲವೇ ನಾಲ್ಕರಿಂದ ಆರು ಜಾಗ ಮತ್ತು ಕನಿಷ್ಠ ಒಂಬತ್ತು ಅಂಕ ಇರಬೇಕು. ದೇಹದ ಐದು ಭಾಗಗಳಲ್ಲಿ ನಾಲ್ಕಾದರೂ ನೋಯುತ್ತಿರಬೇಕು, ಮೂರು ತಿಂಗಳಾದರೂ ಹೀಗೇ ಇರಬೇಕು. ಆಕೆಯ ಹಾಳೆಯಲ್ಲಿ ಪೆನ್ನಿನ ಗುರುತು ಬೀಳದ ಜಾಗ ಹುಡುಕಬೇಕಿತ್ತು.

ಬೇರೆ ಕಾಯಿಲೆ ಇದೆಯೇ ಎಂದು ತಿಳಿಯಲು ಹಿಮೋಗ್ಲೋಬಿನ್, ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ, ಥೈರಾಯ್ಡ್ ಸ್ಥಿತಿ ತೋರಿಸುವ ಟಿಎಸ್‌ಎಚ್ ನೋಡಿಯೇ ನೋಡುತ್ತೇನೆ. ಬೆರಳ ಗಂಟು ಊದಿದ್ದರೆ ಸಂಧಿವಾತವಿರಬಹುದು, ಆಗ ದಾರಿ ಬೇರೆ. ಆದರೆ ಸಂಧಿವಾತ ಇದೆಯೆಂದ ಮಾತ್ರಕ್ಕೆ ಫೈಬ್ರೊಮಯಾಲ್ಜಿಯಾ ಇಲ್ಲವೆನ್ನಲಾಗದು. ಎರಡೂ ಒಟ್ಟಿಗೆ ಇರಬಹುದು. ಥೈರಾಯ್ಡ್ ಮಾತ್ರೆಯಿಂದ ಟಿಎಸ್‌ಎಚ್ ಸರಿಹೋದ ಮೇಲೂ ಮೈಯೆಲ್ಲ ನೋಯುತ್ತಿದ್ದರೆ, ಸಹೋದ್ಯೋಗಿಗಳೇ, ದಯವಿಟ್ಟು ಡೋಸ್ ಏರಿಸುವ ಮುನ್ನ ನಿದ್ದೆಯ ಬಗ್ಗೆ ಒಂದು ಮಾತು ಕೇಳಿ.

ಗಂಡನನ್ನೂ ಕೂರಿಸಿಕೊಂಡು ಹೇಳಿದೆ: ಸ್ನಾಯು, ಕೀಲು ಹಾಳಾಗಿಲ್ಲ, ಮಿದುಳು ಮತ್ತು ಬೆನ್ನುಹುರಿ ನೋವಿನ ಸಂಕೇತಗಳನ್ನು ಹಿಗ್ಗಿಸಿ ಗ್ರಹಿಸುತ್ತಿವೆ, ಇದು ನಟನೆಯಲ್ಲ. ದಿನಾ ನೋವುನಿವಾರಕ ಡೈಕ್ಲೋಫೆನಾಕ್ ಚುಚ್ಚಿಸಿಕೊಳ್ಳುವುದನ್ನು ನಿಲ್ಲಿಸಿ, ರಾತ್ರಿಗೆ ನೋವು ತಗ್ಗಿಸಿ ನಿದ್ದೆಗೆ ನೆರವಾಗುವ ಅಮಿಟ್ರಿಪ್ಟಿಲಿನ್ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆದೆ. ವ್ಯಾಯಾಮಕ್ಕೆ ಮಾತ್ರೆಗಿಂತ ಗಟ್ಟಿ ಆಧಾರವಿದೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟದ 2017ರ ಶಿಫಾರಸುಗಳು ಬಲವಾಗಿ ಒತ್ತಿ ಹೇಳಿದ ಚಿಕಿತ್ಸೆ ಅದೊಂದೇ.

"ಹಾಗಾದರೆ ಸುಲಿಯುವ ಕೆಲಸ ಬಿಡಿಸಬೇಕೇ?" ಎಂದು ಗಂಡ ಕೇಳಿದರು. ಬೇಡ ಎಂದೆ. ಒಂದೇ ಸಮನೆ ಕೂರದೆ ನಡುನಡುವೆ ಎದ್ದು ಓಡಾಡಲಿ, ಸಂಜೆ ಹತ್ತು ನಿಮಿಷ ನಡೆಯಲಿ, ನೋವು ಹೆಚ್ಚಿದ ದಿನ ಐದೇ ನಿಮಿಷವಾದರೂ ಸರಿ, ಜೊತೆಗೆ ನೀವೂ ಹೋಗಿ ಎಂದೆ.