ಆರನೇ ತಿಂಗಳು: ವಾಪಸ್ ಬಂದ ಹದಿನೇಳು ಪ್ರತಿಗಳು

ಸಣ್ಣ ಸಾಹಿತ್ಯ ಪ್ರಕಾಶನವೊಂದರ ಪುಸ್ತಕಗಳನ್ನು ಹೊತ್ತು ಅಂಗಡಿ ಸುತ್ತಲು ಶುರು ಮಾಡಿ ಆರು ತಿಂಗಳಾಯಿತು. ಸಂಬಳ ಇಲ್ಲ, ಓಡಾಟದ ಖರ್ಚೂ ನನ್ನದೇ. ತಂದ ಆರ್ಡರಿನ ಮೇಲೆ ಶೇ. 10 ಕಮಿಷನ್, ಅಷ್ಟೇ. ಅದೂ ಪುಸ್ತಕದ ಮೇಲೆ ಅಚ್ಚಾದ ಬೆಲೆಗಲ್ಲ, ಅಂಗಡಿಯ ರಿಯಾಯಿತಿ ಕಳೆದು ಬಿಲ್ ಆದ ಮೊತ್ತಕ್ಕೆ. ಶೇ. 40 ರಿಯಾಯಿತಿ ಹೋದರೆ, ನೂರರ ಪುಸ್ತಕದಲ್ಲಿ ನನ್ನ ಪಾಲು ಆರು. ಈ ಲೆಕ್ಕ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಇಳಿದೆ.

ಮೊದಲೆರಡು ತಿಂಗಳು ನಾನು ಜಾಸ್ತಿ ಮಾತಾಡಿದೆ. ಕಾದಂಬರಿಯ ಕಥೆಯನ್ನೆಲ್ಲ ಹೇಳುತ್ತಿದ್ದೆ. ಅಂಗಡಿಯವರು ಮುಖಪುಟ ನೋಡಿ, ತಿರುಗಿಸಿ ಬೆನ್ನುಡಿಯ ಎರಡು ಸಾಲು ಓದಿ, 'ಇದನ್ನ ಯಾರು ತಗೋತಾರೆ?' ಅಂತ ಕೇಳುತ್ತಾರೆ. ಅವರಿಗೆ ಬೇಕಿರುವುದು ಆ ಉತ್ತರ ಮಾತ್ರ. ಈಗ ಒಂದು ಪುಸ್ತಕಕ್ಕೆ ಒಂದೇ ವಾಕ್ಯ ಕಟ್ಟಿಕೊಂಡು ಹೋಗುತ್ತೇನೆ. ಒಂದು ಕಥಾ ಸಂಕಲನದ ವಾಕ್ಯಕ್ಕೆ ನಾಲ್ಕು ಸಂಜೆ ಹಿಡಿಯಿತು!

ಮೂರನೇ ತಿಂಗಳಿಂದ ಆರ್ಡರ್ ಏರಿತು. ಒಂದು ಅಂಗಡಿಯಲ್ಲಿ ಒಂದೇ ಕಾದಂಬರಿಯ 20 ಪ್ರತಿ ಒಪ್ಪಿಸಿ, ಹಿಗ್ಗಿ ಮನೆಗೆ ಬಂದಿದ್ದೆ. ಐದನೇ ತಿಂಗಳು ಅದರಲ್ಲಿ 17 ವಾಪಸ್ ಬಂದವು. ಪೆಟ್ಟಿಗೆ ಬಿಚ್ಚುವಾಗ ನಾನೂ ಗೋದಾಮಿನಲ್ಲಿದ್ದೆ. ಬೆಲೆಯ ಸ್ಟಿಕರ್ ಕಿತ್ತ ಜಾಗದಲ್ಲಿ ಅಂಟು ಉಳಿದು, ಅದಕ್ಕೆ ಧೂಳು ಮೆತ್ತಿಕೊಂಡಿತ್ತು. ಎರಡರ ಮೂಲೆ ಮಡಚಿಹೋಗಿತ್ತು. ಹೊಸದೆಂದು ಮತ್ತೆ ಮಾರಲು ಬಂದದ್ದು ಹನ್ನೊಂದೇ. ಆ 17ರ ಕಮಿಷನ್ನೂ ನನ್ನ ಲೆಕ್ಕದಿಂದ ಹೋಯಿತು.

ಮಾರದಿದ್ದರೆ ವಾಪಸ್ ತಗೋತೀವಿ ಅನ್ನುವ ಈ ಪದ್ಧತಿ ಅಮೆರಿಕದಲ್ಲಿ ರೂಢಿಗೆ ಬಂದಿದ್ದು 1930ರ ದಶಕದ ಆರ್ಥಿಕ ಕುಸಿತದಲ್ಲಿ. ಕೈಯಲ್ಲಿ ಕಾಸಿಲ್ಲದ ಅಂಗಡಿಗಳು ಹೊಸ ಪುಸ್ತಕ ಇಡಲಿ ಅಂತ ಪ್ರಕಾಶಕರು ಕೊಟ್ಟ ಧೈರ್ಯ ಅದು. ಕುಸಿತ ಮುಗಿದರೂ ಪದ್ಧತಿ ಹೋಗಲಿಲ್ಲ. ಬೈಯಲೂ ಆಗಲ್ಲ ಬಿಡಿ, ಅದಿಲ್ಲದೆ ಹೆಸರೇ ಕೇಳದ ಲೇಖಕರ ಪುಸ್ತಕವನ್ನು ಯಾರು ಇಟ್ಟುಕೊಳ್ಳುತ್ತಾರೆ?

ಹಾಗಾಗಿ ಈಗ ಆರ್ಡರನ್ನು ನಾನೇ ಇಳಿಸುತ್ತೇನೆ. ಹತ್ತು ಅಂದರೆ, 'ನಾಲ್ಕು ಸಾಕು, ಮುಗಿದ ಮೇಲೆ ಫೋನ್ ಮಾಡಿ' ಅನ್ನುತ್ತೇನೆ. ಮೊದಲ ಸಲ ಹೀಗೆಂದಾಗ ಅಂಗಡಿಯವರು ಕಂಪ್ಯೂಟರ್‌ನಿಂದ ತಲೆ ಎತ್ತಿ ನನ್ನ ಮುಖ ನೋಡಿದರು. ಆಮೇಲೆ ಆ ನಾಲ್ಕನ್ನು ಬೆನ್ನು ಮಾತ್ರ ಕಾಣುವಂತೆ ತುರುಕದೆ, ಮುಖ ಕಾಣುವಂತೆ ನಿಲ್ಲಿಸಿದರು. ಇಪ್ಪತ್ತು ಪ್ರತಿ ಕೊಟ್ಟಾಗ ಈ ಭಾಗ್ಯ ಇರಲಿಲ್ಲ.

ಈ ತಿಂಗಳ ಎಡವಟ್ಟು ಪೂರ್ತಿ ನನ್ನದೇ. ಆರ್ಡರ್ ಹಾಳೆಯಲ್ಲಿ ಒಂದು ಐಎಸ್‌ಬಿಎನ್‌ನ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಯ, 27 ಅನ್ನು 72 ಅಂತ ಬರೆದಿದ್ದೆ. ಉಳಿದ ಅಂಕಿಗಳ ಲೆಕ್ಕದಿಂದ ಬರುವ ಕೊನೆಯ ಅಂಕಿ ಇರುವುದೇ ಇಂಥ ತಪ್ಪು ಹಿಡಿಯಲು, ಅಲ್ವಾ? ಆದರೆ 2007ರಲ್ಲಿ ಬಂದ 13 ಅಂಕಿಯ ಪದ್ಧತಿಯಲ್ಲಿ ಒಂದು ಸಂದಿ ಇದೆ. ಅಕ್ಕಪಕ್ಕದ ಎರಡು ಅಂಕಿಗಳ ವ್ಯತ್ಯಾಸ 5 ಇದ್ದರೆ, ಅವು ಅದಲುಬದಲಾದರೂ ಲೆಕ್ಕ ಸರಿಯಾಗಿಯೇ ಬರುತ್ತದೆ. ಹಳೆಯ 10 ಅಂಕಿಯದು ಇದನ್ನೂ ಹಿಡಿಯುತ್ತಿತ್ತು. ಹಾಳೆ ಸಲೀಸಾಗಿ ದಾಟಿತು, ಆದರೆ ಆ ಸಂಖ್ಯೆಯ ಪುಸ್ತಕವೇ ಇಲ್ಲ. ಎರಡು ವಾರ ಆರ್ಡರ್ ಎಲ್ಲೋ ಕೂತಿತ್ತು. ಈಗ ಸಂಖ್ಯೆಯನ್ನು ಕೈಯಲ್ಲಿ ಬರೆಯುವುದಿಲ್ಲ, ಪ್ರಕಾಶಕರ ಪಟ್ಟಿಯಿಂದಲೇ ಎತ್ತಿ ಹಾಕುತ್ತೇನೆ.

ಮುಂದಿನ ಸುತ್ತಿಗೆ ಮೂರು ಹೊಸ ಪುಸ್ತಕ. ಒಂದೂ ಇನ್ನೂ ಅಚ್ಚಾಗಿಲ್ಲ, ತೋರಿಸಲು ಇರುವುದು ಒಂದೊಂದು ಪುಟದ ವಿವರ ಮತ್ತು ಮುಖಪುಟದ ಚಿತ್ರ. ಒಂದು ಕವನ ಸಂಕಲನ. ಅದಕ್ಕೆ ವಾಕ್ಯ ಇನ್ನೂ ಸಿಕ್ಕಿಲ್ಲ. ನಿನ್ನೆ ಆ ನಾಲ್ಕು ಪ್ರತಿಯ ಅಂಗಡಿಯಿಂದ ಫೋನ್ ಬಂತು, ಇನ್ನು ಎರಡು ಬೇಕಂತೆ.