ಲೇಲ್ಯಾಂಡ್ ಊರಿನಿಂದ ಶಾಪ್ ಏರಿನವರೆಗೆ: ಹಳೇ ಬ್ರಿಟಿಷ್ ಲಾರಿಗಳ ಜಾಡಿನಲ್ಲಿ ನಾಲ್ಕು ದಿನ

ಲೇಲ್ಯಾಂಡ್ ಅಂದರೆ ನಮ್ಮಲ್ಲಿ ಗಾಡಿ. ಇಂಗ್ಲೆಂಡಿನ ಲ್ಯಾಂಕಶರ್‌ನಲ್ಲಿ ಅದೊಂದು ಊರು. 1896ರಲ್ಲಿ ಸಮ್ನರ್ ಮತ್ತು ಸ್ಪರಿಯರ್ ಮನೆತನದವರು ಸೇರಿ ಅಲ್ಲಿ ಉಗಿಯಂತ್ರದ ವ್ಯಾನ್ ಕಟ್ಟುವ ಕಂಪನಿ ತೆಗೆದರು. 1907ರಲ್ಲಿ ಅದರ ಹೆಸರು ಲೇಲ್ಯಾಂಡ್ ಮೋಟರ್ಸ್ ಆಯಿತು. 1947ರಲ್ಲಿ ಅಲ್ಲಿಂದ ಹೊರಬಂದ ಕಾಮೆಟ್ ಲಾರಿಯೇ ಮುಂದೆ ಮದ್ರಾಸಿನ ಎಣ್ಣೂರಿಗೆ ಬಂತು. 1948ರಲ್ಲಿ ಶುರುವಾಗಿದ್ದ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಬೋನೆಟ್ ಮುಂದಕ್ಕೆ ಚಾಚಿದ ಆ ಕಾಮೆಟ್ಟನ್ನು ನಮ್ಮ ರಸ್ತೆಗಳಲ್ಲಿ ನೋಡಿ ಬೆಳೆದವರಿಗೆ ಈ ಸುತ್ತು ಒಂದು ರೀತಿಯಲ್ಲಿ ಗಾಡಿಯ ತವರುಮನೆಗೆ ಹೋಗಿಬಂದಂತೆ.

ನಾಲ್ಕು ದಿನ ಸಾಕು, ಆದರೆ ದಿನಗಳ ಜೋಡಣೆ ಸರಿಯಾಗಿರಬೇಕು. ಮೊದಲು ಮ್ಯೂಸಿಯಂ, ಕೊನೆಗೆ ಹಳೇ ಲಾರಿಗಳು ಏದುಸಿರು ಬಿಡುತ್ತ ಹತ್ತುತ್ತಿದ್ದ ಶಾಪ್ ಗುಡ್ಡದ ರಸ್ತೆ. ಮ್ಯೂಸಿಯಂನಲ್ಲಿ ನಿಂತ ಲಾರಿ ಚೆಂದ ಕಾಣುತ್ತದೆ, ಅಷ್ಟೇ. ಅದು ಹಾಗೇಕೆ ರೂಪುಗೊಂಡಿತು ಅನ್ನುವುದು ಕಾನೂನು, ತೂಕ, ಏರು ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ತಿಳಿಯುವುದು.

ತಂಗುವುದಕ್ಕೆ ಪ್ರೆಸ್ಟನ್ ಊರನ್ನು ಆರಿಸಿಕೊಳ್ಳಿ. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ನೇರ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ, ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಿಂದಲಾದರೆ ಒಂದು ಗಂಟೆಗೆ ಸ್ವಲ್ಪ ಹೆಚ್ಚು. ಈ ಸುತ್ತಿಗಾಗಿಯೇ ಹೋಗುವವರು ಲಂಡನ್ನಿಗೆ ಇಳಿಯುವ ಬದಲು ಮ್ಯಾಂಚೆಸ್ಟರ್‌ಗೆ ಇಳಿಯುವುದೇ ವಾಸಿ. ಪ್ರೆಸ್ಟನ್‌ನಲ್ಲಿ ಗುಜರಾತಿಗಳು ಬಹಳ ಇರುವುದರಿಂದ ಸಸ್ಯಾಹಾರಿಗಳು ಊಟಕ್ಕೆ ಪರದಾಡಬೇಕಿಲ್ಲ. ಅಟ್ಕಿನ್ಸನ್ ಲಾರಿಗಳು ತಯಾರಾಗುತ್ತಿದ್ದದ್ದೂ ಈ ಊರಿನ ಮಗ್ಗುಲಿನ ವಾಲ್ಟನ್-ಲೆ-ಡೇಲ್‌ನಲ್ಲಿ. ರೇಡಿಯೇಟರ್ ಮೇಲೆ ದೊಡ್ಡ ‘ಎ’ ಅಕ್ಷರ ಕಂಡರೆ ಅದು ಅಟ್ಕಿನ್ಸನ್. 1970ರಲ್ಲಿ ಓಲ್ಡಮ್‌ನ ಸೆಡನ್ ಕಂಪನಿ ಅದನ್ನು ಕೊಂಡ ಮೇಲೆ ಹೆಸರು ಸೆಡನ್ ಅಟ್ಕಿನ್ಸನ್ ಆಯಿತು.

ಭಾನುವಾರ ರೈಲು ನಂಬಿಕೊಂಡು ಯೋಜನೆ ಹಾಕಬೇಡಿ. ಹಳಿ ದುರಸ್ತಿ ಕೆಲಸಗಳನ್ನು ಹೆಚ್ಚಾಗಿ ವಾರಾಂತ್ಯಕ್ಕೇ ಇಟ್ಟುಕೊಳ್ಳುತ್ತಾರೆ, ಆಗ ರೈಲಿನ ಬದಲು ಬಸ್ಸು ಬಿಡುತ್ತಾರೆ, ಅರ್ಧ ಗಂಟೆಯ ದಾರಿ ಒಂದೂವರೆ ಗಂಟೆ ಹಿಡಿಯುತ್ತದೆ.

ಮೊದಲ ದಿನ ಲೇಲ್ಯಾಂಡ್. ಪ್ರೆಸ್ಟನ್‌ನಿಂದ ವಿಗನ್ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಹಿಡಿದರೆ ಹತ್ತು ನಿಮಿಷದೊಳಗೆ ಇಳಿಯಬಹುದು. ದೂರದ ಎಕ್ಸ್‌ಪ್ರೆಸ್ ರೈಲುಗಳು ಅಲ್ಲಿ ನಿಲ್ಲುವುದಿಲ್ಲ. ನಿಲ್ದಾಣದಿಂದ ಕಾಲು ಗಂಟೆ ನಡೆದರೆ ಕಿಂಗ್ ಸ್ಟ್ರೀಟ್‌ನಲ್ಲಿ ಬ್ರಿಟಿಷ್ ಕಮರ್ಷಿಯಲ್ ವೆಹಿಕಲ್ ಮ್ಯೂಸಿಯಂ. ಲೇಲ್ಯಾಂಡ್ ಮೋಟರ್ಸ್‌ನ ಹಳೆಯ ಸೌತ್ ವರ್ಕ್ಸ್ ಕಾರ್ಖಾನೆಯ ಒಂದು ಭಾಗದಲ್ಲೇ ಅದು ಇದೆ, 1983ರಿಂದ ನಡೆಯುತ್ತಿದೆ. ವಾರದ ಏಳೂ ದಿನ ತೆರೆದಿರುವುದಿಲ್ಲ, ಚಳಿಗಾಲದಲ್ಲಿ ಇನ್ನೂ ಕಡಿಮೆ. ತೆರೆದಿರುವ ದಿನ ಖಚಿತಪಡಿಸಿಕೊಂಡ ಮೇಲಷ್ಟೇ ಹೋಟೆಲ್ ಬುಕ್ ಮಾಡಿ. ಅಲ್ಲಿನ ಕಡತ ಸಂಗ್ರಹ ನೋಡಬೇಕೆಂದಿದ್ದರೆ ಮೊದಲೇ ಬರೆದು ಕೇಳಿ, ಬಾಗಿಲಲ್ಲಿ ನಿಂತು ಕೇಳಿದರೆ ಆಗುವ ಕೆಲಸವಲ್ಲ.

ಒಳಗೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಹೆಚ್ಚಿನವರು 1982ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬ್ರಿಟನ್ನಿಗೆ ಬಂದಾಗ ಲೇಲ್ಯಾಂಡ್ ಚಾಸಿಯ ಮೇಲೆ ಕಟ್ಟಿದ ಗಾಜಿನ ಗಾಡಿಯ ಮುಂದೆ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ನೀವು ಲಾರಿಗಳ ಬಾಗಿಲ ಹತ್ತಿರ ನಿಲ್ಲಿ. ಹಳೇ ಬ್ರಿಟಿಷ್ ಲಾರಿಯ ಜಾತಕ ಇರುವುದು ಬಾಗಿಲಿನಲ್ಲೇ. ಮಾಲೀಕನ ಹೆಸರು, ಊರು, ಟೆಲಿಫೋನ್ ನಂಬರು, ಎಲ್ಲ ಕುಂಚದಲ್ಲಿ ಬರೆದದ್ದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಖಾಲಿ ಗಾಡಿಯ ತೂಕ, ಟನ್ ಮತ್ತು ಹಂಡ್ರೆಡ್‌ವೇಟ್ ಲೆಕ್ಕದಲ್ಲಿ. 20 ಹಂಡ್ರೆಡ್‌ವೇಟ್ ಅಂದರೆ ಒಂದು ಟನ್. ಆ ತೂಕಕ್ಕೆ ಅಷ್ಟು ಬೆಲೆ ಏಕೆಂದರೆ, 1950ರ ದಶಕದಲ್ಲಿ ಖಾಲಿ ತೂಕ 3 ಟನ್ ಮೀರಿದ ಲಾರಿಗೆ ಗಂಟೆಗೆ 20 ಮೈಲಿಯ ಮಿತಿ ಇತ್ತು. ಹಿಂಬದಿಯಲ್ಲಿ ದುಂಡನೆಯ ‘20’ ಫಲಕ ಕಂಡರೆ ಅದು ಇದೇ. 1957ರಲ್ಲಿ ಮಿತಿ 30 ಮೈಲಿಗೆ ಏರಿತು. ಬಾಡಿ ಕಟ್ಟುವವರು ಅಲ್ಯೂಮಿನಿಯಂ ಬಳಸಿ ಒಂದೊಂದು ಹಂಡ್ರೆಡ್‌ವೇಟ್ ಉಳಿಸಲು ಒದ್ದಾಡಿದ್ದರ ಹಿಂದೆ ಈ ಲೆಕ್ಕವಿದೆ, ಶೋಕಿಯಲ್ಲ.

ಬಣ್ಣವೂ ಮಾತಾಡುತ್ತದೆ. 1947ರ ಸಾರಿಗೆ ಕಾಯ್ದೆಯಿಂದ ದೂರದ ಲಾರಿ ಸಾಗಣೆ ರಾಷ್ಟ್ರೀಕರಣವಾಗಿ ಬ್ರಿಟಿಷ್ ರೋಡ್ ಸರ್ವಿಸಸ್ ಹುಟ್ಟಿತು. ಅದರ ಸಾಮಾನ್ಯ ಸರಕಿನ ಗಾಡಿಗಳು ಕೆಂಪು, ಪಾರ್ಸೆಲ್ ಗಾಡಿಗಳು ಹಸಿರು. ಉಳಿದ ಖಾಸಗಿ ಸಾಗಣೆದಾರರು ತಮ್ಮ ನೆಲೆಯಿಂದ 25 ಮೈಲಿ ದೂರದೊಳಗೇ ಓಡಿಸಬೇಕಿತ್ತು. 1953ರ ಕಾಯ್ದೆ ಅದನ್ನು ಸಡಿಲಿಸಿ, ಎಷ್ಟೋ ಲಾರಿಗಳನ್ನು ಮತ್ತೆ ಖಾಸಗಿಯವರಿಗೆ ಮಾರಲು ದಾರಿ ಮಾಡಿತು. ಹಾಗಾಗಿ 1949ರ ಗಾಡಿಯೊಂದು ಕೆಂಪು ಬಣ್ಣದಲ್ಲಿ ನಿಂತಿದ್ದರೆ ಅದರ ಮೊದಲ ಬಣ್ಣ ಯಾವುದು, ಮೂರನೆಯದು ಯಾವುದು ಎಂದು ಅಲ್ಲಿನ ಸ್ವಯಂಸೇವಕರನ್ನು ಕೇಳಿ. ಅವರಲ್ಲಿ ಕಾರ್ಖಾನೆಯಲ್ಲೇ ದುಡಿದವರು ಸಿಕ್ಕರೆ ಆ ದಿನ ಸಾರ್ಥಕ.

ನಂಬರ್ ಪ್ಲೇಟನ್ನೂ ಓದಲು ಕಲಿಯಿರಿ. ಟಿಬಿ, ಟಿಸಿ, ಟಿಡಿ, ಟಿಇ, ಟಿಎಫ್, ಟಿಜೆ ಇದ್ದರೆ ಲ್ಯಾಂಕಶರ್‌ನಲ್ಲಿ ನೋಂದಣಿ, ಸಿಕೆ ಅಥವಾ ಆರ್‌ಎನ್ ಇದ್ದರೆ ಪ್ರೆಸ್ಟನ್. ಕೊನೆಯಲ್ಲಿ ವರ್ಷ ಸೂಚಿಸುವ ಅಕ್ಷರ ಬಂದದ್ದು 1963ರಿಂದ, ದೇಶದ ಎಲ್ಲೆಡೆ ಕಡ್ಡಾಯವಾದದ್ದು 1965ರಲ್ಲಿ.

ಲೇಲ್ಯಾಂಡ್ ಗಾಡಿಗಳ ಹೆಸರು ನೋಡಿ: ಬೀವರ್, ಹಿಪ್ಪೊ, ಬಫಲೊ, ಆಕ್ಟೋಪಸ್. ಎಂಟು ಚಕ್ರದ್ದಕ್ಕೆ ಆಕ್ಟೋಪಸ್ ಅನ್ನುವುದಕ್ಕಿಂತ ಒಪ್ಪುವ ಹೆಸರು ಇನ್ನೇನು ಇಡಲು ಸಾಧ್ಯ? 1964ರ ಎರ್ಗೊಮ್ಯಾಟಿಕ್ ಕ್ಯಾಬ್, ಅಂದರೆ ಚಾಲಕ ಕೂರುವ ಗೂಡು, ಸಿಕ್ಕರೆ ಅದನ್ನು ಮುಂದಕ್ಕೆ ಬಾಗಿಸುವ ಏರ್ಪಾಡನ್ನು ಗಮನಿಸಿ. ಅದಕ್ಕೂ ಮುಂಚೆ ಮೆಕ್ಯಾನಿಕ್ ಕ್ಯಾಬಿನೊಳಗೇ ಕುಕ್ಕರುಗಾಲಲ್ಲಿ ಕೂತು ಎಂಜಿನ್ ಕೆಲಸ ಮಾಡಬೇಕಿತ್ತು. ಆ ದಶಕದ ಕೊನೆಯಲ್ಲಿ ಬಂದ ಲೇಲ್ಯಾಂಡ್ 500 ಎಂಜಿನ್ ಮಾತ್ರ ಕಂಪನಿಗೆ ಬಹಳ ಕಾಟ ಕೊಟ್ಟಿತು. ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವೆ ಕೂರುವ ಗ್ಯಾಸ್ಕೆಟ್ಟಿನ ತೊಂದರೆಯೇ ಬೇಡವೆಂದು ಹೆಡ್ಡನ್ನೂ ಬ್ಲಾಕನ್ನೂ ಒಂದೇ ಎರಕದಲ್ಲಿ ಮಾಡಿದರು. ಆದರೆ ಬಿಚ್ಚಲು ಹೆಡ್ಡೇ ಇಲ್ಲದ ಮೇಲೆ ವಾಲ್ವ್ ಕೆಲಸಕ್ಕೆ ಪಿಸ್ಟನ್ ಹೊರತೆಗೆದು ಕೆಳಗಿನಿಂದ ಕೈಹಾಕಬೇಕು. ನಮ್ಮ ಯಾವ ಗ್ಯಾರೇಜಿನವರಿಗೆ ಹೇಳಿದರೂ ಅದು ಯಾಕೆ ಓಡಲಿಲ್ಲ ಎಂದು ತಕ್ಷಣ ಅರ್ಥವಾಗುತ್ತದೆ.

ಹಳೇ ಕ್ಯಾಬ್‌ಗಳ ಬಾಗಿಲ ಕೀಲಿನ ಸುತ್ತ ಒಮ್ಮೆ ಕಣ್ಣಾಡಿಸಿ. ಒಳಗೆ ಆ್ಯಶ್ ಮರದ ಚೌಕಟ್ಟು, ಹೊರಗೆ ತಗಡು. ನೀರು ತಗಡಿನ ಹಿಂದೆ ಇಳಿದು ಮರ ಒಳಗಿನಿಂದಲೇ ಕೊಳೆಯುತ್ತದೆ, ಹೊರಗಿನ ಬಣ್ಣ ಹೊಸದರಂತೆ ಇರುತ್ತದೆ. ಬಾಗಿಲು ಜೋತು ಬಿದ್ದಿದ್ದರೆ ಮರ ಹೋಗಿದೆ ಎಂದೇ ಲೆಕ್ಕ. ನಮ್ಮಲ್ಲಿ ಹಳೇ ಗಾಡಿ ಕೊಂಡು ರಿಪೇರಿ ಮಾಡಿಸುವವರೂ ಮೊದಲು ನೋಡಬೇಕಾದ ಜಾಗ ಇದೇ. ಹಾಗೆಯೇ ಚಾಸಿಯ ಪಕ್ಕದ ಬಿಡಿ ಚಕ್ರ ನೋಡುವಾಗ ಒಂದು ಮಾತು ನೆನಪಿರಲಿ: ನಾವು ದಿನಾ ಹೇಳುವ ‘ಸ್ಟೆಪ್ನಿ’ ವೇಲ್ಸ್‌ನ ಲನೆಲ್ಲಿ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಡೇವಿಸ್ ಅಣ್ಣತಮ್ಮಂದಿರು ಅಲ್ಲಿ ಬಿಡಿ ಚಕ್ರ ಮಾಡಿ ಮಾರಲು ತೊಡಗಿದರು.

ಎರಡನೆಯ ದಿನ ಚೆಶರ್‌ನ ಸ್ಯಾಂಡ್‌ಬ್ಯಾಚ್. ಪ್ರೆಸ್ಟನ್‌ನಿಂದ ಕ್ರೂ ಜಂಕ್ಷನ್‌ಗೆ ಹೋಗಿ ಮ್ಯಾಂಚೆಸ್ಟರ್ ಕಡೆಯ ರೈಲಿಗೆ ಬದಲಿಸಿಕೊಳ್ಳಬೇಕು. ನಿಲ್ದಾಣ ಇರುವುದು ಎಲ್ವರ್ತ್‌ನಲ್ಲಿ, ಫೋಡೆನ್ ಲಾರಿ ಕಾರ್ಖಾನೆ ಇದ್ದದ್ದೂ ಅಲ್ಲೇ. ಈಗ ಆ ಜಾಗದಲ್ಲಿ ಮನೆಗಳಿವೆ. ಕಾರ್ಖಾನೆ ನೋಡುತ್ತೇವೆಂದು ಹೋದರೆ ನಿರಾಸೆಯಾಗುತ್ತದೆ, ಅರ್ಧ ದಿನಕ್ಕಿಂತ ಹೆಚ್ಚು ಇಡಬೇಡಿ. ಆದರೂ ಬಿಡಬಾರದ ಊರು ಇದು, ಏಕೆಂದರೆ ಒಂದೇ ಮನೆತನ ಇಲ್ಲಿ ಎರಡು ಲಾರಿ ಕಂಪನಿಗಳಾಗಿ ಒಡೆಯಿತು. ಫೋಡೆನ್ ಉಗಿ ಲಾರಿಗೆ ಹೆಸರಾದ ಕಂಪನಿ. ಉಗಿ ಲಾರಿಗೆ ಬಾಯ್ಲರ್, ನೀರು, ಕಲ್ಲಿದ್ದಲು ಎಲ್ಲದರ ಭಾರ. ರಸ್ತೆ ಮತ್ತು ರೈಲು ಸಾಗಣೆ ಕುರಿತ 1932ರ ಸಾಲ್ಟರ್ ವರದಿಯ ನಂತರ ಭಾರದ ಗಾಡಿಗಳ ತೆರಿಗೆ ಏರಿದಾಗ ಅದರ ಕಾಲ ಮುಗಿಯಿತು. ಡೀಸೆಲ್‌ಗೆ ಹೊರಳಲೇಬೇಕು ಎಂದು ಪಟ್ಟು ಹಿಡಿದ ಎಡ್ವಿನ್ ರಿಚರ್ಡ್ ಫೋಡೆನ್ ಹೊರಬಂದು 1933ರಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳಲ್ಲೇ ಇಆರ್‌ಎಫ್ ಕಟ್ಟಿದರು. ಮೊದಲ ಚಾಸಿಗೆ ಕೊಟ್ಟ ನಂಬರು 63, ಆಗ ಅವರಿಗಿದ್ದ ವಯಸ್ಸು. ಆ ವಯಸ್ಸಿನಲ್ಲಿ ಸ್ವಂತ ಮನೆತನದ ಕಂಪನಿಗೆ ಎದುರಾಗಿ ನಿಲ್ಲುವುದು ಸಣ್ಣ ಮಾತಲ್ಲ.

ಆ ಮೊದಲ ಇಆರ್‌ಎಫ್‌ನಲ್ಲಿ ಕೂರಿಸಿದ್ದು ಮ್ಯಾಂಚೆಸ್ಟರ್ ಬಳಿಯ ಪ್ಯಾಟ್ರಿಕ್ರಾಫ್ಟ್‌ನ ಗಾರ್ಡ್ನರ್ ಎಂಜಿನ್. ಹಳೇ ಲಾರಿ ಪ್ರಿಯರ ನಡುವೆ ಗಾರ್ಡ್ನರ್‌ಗೆ ಇರುವ ಗೌರವ ಬೇರೆ ಯಾವ ಎಂಜಿನ್ನಿಗೂ ಇಲ್ಲ. ಆರು ಸಿಲಿಂಡರಿನ 6ಎಲ್‌ಡಬ್ಲ್ಯು 8.4 ಲೀಟರಿನದು. ಶಕ್ತಿ 112 ಅಶ್ವಶಕ್ತಿ ಮಾತ್ರ, ಅದೂ ನಿಮಿಷಕ್ಕೆ 1700 ಸುತ್ತಿನಲ್ಲೇ. ಮೆಲ್ಲಗೆ ತಿರುಗುವುದರಿಂದ ಸವೆತ ಕಡಿಮೆ, ಡೀಸೆಲ್ಲೂ ಕಡಿಮೆ ಕುಡಿಯುತ್ತದೆ.

ಗಾರ್ಡ್ನರ್ ಸದ್ದನ್ನು ಕಿವಿಯಾರೆ ಕೇಳಬೇಕೆಂದರೆ ಮೂರನೆಯ ದಿನ ಹಳೇ ಲಾರಿಗಳ ಯಾವುದಾದರೂ ಮೇಳದಲ್ಲಿರಬೇಕು. ಹಾಗಾಗಿ ಪ್ರವಾಸದ ತಾರೀಕನ್ನು ಮೇಳದ ತಾರೀಕಿಗೆ ಹೊಂದಿಸಿ, ವಿಮಾನದ ಅಗ್ಗದ ಟಿಕೆಟಿಗೆ ಅಲ್ಲ. ಮೇ ತಿಂಗಳ ಮೊದಲ ಭಾನುವಾರದ ಸುಮಾರಿಗೆ 1962ರಿಂದ ಬಂದಿರುವ ಹಳೇ ಲಾರಿಗಳ ಲಂಡನ್–ಬ್ರೈಟನ್ ಓಟ, ಜೂನ್‌ನಲ್ಲಿ ವಾರಿಕ್‌ಶರ್‌ನ ಗೇಡನ್‌ನಲ್ಲಿ ವಾಣಿಜ್ಯ ವಾಹನ ಮೇಳ, ಬೇಸಿಗೆಯುದ್ದಕ್ಕೂ ಊರೂರಿನ ಸಣ್ಣ ಕೂಟಗಳು. ಜಾಗ, ತಾರೀಕು ವರ್ಷ ವರ್ಷ ಬದಲಾಗುತ್ತವೆ, ಆ ವರ್ಷದ ಪ್ರಕಟಣೆ ನೋಡಿಯೇ ಹೊರಡಿ. ಮೇಳದ ದಿನಗಳಲ್ಲಿ ಮ್ಯೂಸಿಯಂನ ಕೆಲವು ಗಾಡಿಗಳೂ ಹೊರಗೆ ಹೋಗಿರಬಹುದು.

ಮೇಳಕ್ಕೆ ಬೆಳಿಗ್ಗೆ ಬೇಗ ಹೋಗಬೇಕು. ತಣ್ಣಗಿರುವ ಗಾರ್ಡ್ನರ್ ಶುರು ಮಾಡುವುದು ನೋಡಲು ಸಿಗುವುದು ಆಗ ಮಾತ್ರ: ಪಂಪಿನ ಮೇಲಿನ ಪುಟ್ಟ ಲಿವರ್‌ಗಳನ್ನು ಒಂದೊಂದಾಗಿ ಒತ್ತಿ ಇಂಜೆಕ್ಟರಿಗೆ ಡೀಸೆಲ್ ತುಂಬಿಸುತ್ತಾರೆ, ಆಮೇಲೆ ತಿರುಗಿಸುತ್ತಾರೆ. ಓಟ ನೋಡುವವರು ಕೊನೆಯ ಗೆರೆಯ ಹತ್ತಿರ ಗುಂಪಿನಲ್ಲಿ ನಿಲ್ಲದೆ ಏರಿನ ಬುಡದಲ್ಲಿ ನಿಲ್ಲಿ. ಈ ಗೇರ್‌ಬಾಕ್ಸ್‌ಗಳಲ್ಲಿ ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಇಲ್ಲ. ಚಾಲಕ ಕ್ಲಚ್ಚನ್ನು ಎರಡು ಸಲ ಒತ್ತಿ (ಡಬಲ್ ಕ್ಲಚ್), ನಡುವೆ ಆ್ಯಕ್ಸಿಲರೇಟರ್ ಒತ್ತಿ ಗೇರ್ ಇಳಿಸುವುದು ಅಲ್ಲಿ ಕೇಳಿಸುತ್ತದೆ. ಬರಹವಿರುವ ಬಾಗಿಲನ್ನು ಕೈಯಿಂದ ಮುಟ್ಟಬೇಡಿ. ಮಾಲೀಕರನ್ನು ‘ಎಂಜಿನ್ ಯಾವುದು?’ ಎಂದು ಕೇಳಿ ನೋಡಿ, ಹೆಚ್ಚಿನವರು ಬೋನೆಟ್ ತೆಗೆದೇ ತೋರಿಸುತ್ತಾರೆ. ಹಗ್ಗ, ತಾಡಪಾಲು ಬಿಗಿದ ಗಾಡಿ ಕಂಡರೆ ಗಂಟುಗಳ ಫೋಟೊ ತೆಗೆದುಕೊಳ್ಳಿ. ಅವರು ಡಾಲಿ ಗಂಟು ಅನ್ನುವುದು ನಮ್ಮ ಲಾರಿಯವರು ಎಳೆದು ಬಿಗಿಯುವ ಗಂಟಿನ ಬಂಧುವೇ.

ನಾಲ್ಕನೆಯ ದಿನ ಶಾಪ್. ಇದಕ್ಕೆ ಕಾರು ಬೇಕು, ಶಾಪ್ ಹಳ್ಳಿಗೆ ರೈಲು ನಿಲ್ದಾಣವಿಲ್ಲ. ಭಾರತದ ಲೈಸೆನ್ಸಿನಲ್ಲಿ ಬ್ರಿಟನ್ನಿನಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು, ರಸ್ತೆಯೂ ನಮ್ಮಂತೆ ಎಡಬದಿಯದೇ. ಹೋಗುವಾಗ ಪ್ರೆಸ್ಟನ್ ಪಕ್ಕದ ಎಂ6 ಹಿಡಿಯಿರಿ, ಅದರ ಒಂದು ತುಂಡು 1958ರ ಡಿಸೆಂಬರ್ 5ರಂದು ತೆರೆದ ಬ್ರಿಟನ್ನಿನ ಮೊದಲ ಮೋಟರ್‌ವೇ. ಕೆಂಡಾಲ್‌ಗೆ ಇಳಿದು ಅಲ್ಲಿನ ಬ್ರೂವರಿ ಆರ್ಟ್ಸ್ ಸೆಂಟರ್ ಆವರಣದಲ್ಲಿ ಲೇಲ್ಯಾಂಡ್ ಗಡಿಯಾರ ನೋಡಿ. ಲೇಲ್ಯಾಂಡ್ ಮೋಟರ್ಸ್ ಜಾಹೀರಾತಿಗೆಂದು ಹೆದ್ದಾರಿಗಳ ಬದಿಯಲ್ಲಿ ನಿಲ್ಲಿಸಿದ್ದ ಗಡಿಯಾರಗಳಲ್ಲಿ ಇದು ಶಾಪ್ ದಾರಿಯದ್ದು. ಮಂಜಿನಲ್ಲಿ ಏರಿಬರುವ ಚಾಲಕರಿಗೆ ಅದು ಗುರುತಿನ ಕಂಬದಂತಿತ್ತು.

ಅಲ್ಲಿಂದ ಎ6 ಹಳೇ ರಸ್ತೆ. ಚಾರ್ಮಾಡಿಯಂಥ ಹೇರ್‌ಪಿನ್ ತಿರುವು, ಕಾಡು ಯಾವುದೂ ಇಲ್ಲ. ಬೋಳು ಗುಡ್ಡ, ಗಾಳಿ, ಮುಗಿಯದ ಏರು. ಹಕ್ಸ್ ಬ್ರಿಜ್ ದಾಟಿದ ಮೇಲೆ ಕೊನೆಯ ಏರು ಶುರು, ತುದಿ ಸಮುದ್ರಮಟ್ಟದಿಂದ 400 ಮೀಟರಿಗೂ ಎತ್ತರ. ಇಲ್ಲಿ ಲೆಕ್ಕ ಹಾಕಿ ನೋಡಿ. ಸರಕು ಸೇರಿ ಒಟ್ಟು 22 ಟನ್ ತೂಗುವ ಎಂಟು ಚಕ್ರದ ಗಾಡಿಗೆ 112 ಅಶ್ವಶಕ್ತಿ, ಅಂದರೆ ಟನ್ನಿಗೆ ಐದು. ಹತ್ತಕ್ಕೆ ಒಂದರ ಏರು ಬಂದರೆ ಗಂಟೆಗೆ ಸುಮಾರು 10 ಕಿಲೋಮೀಟರ್ ಅಷ್ಟೇ. ಲಂಡನ್ನಿನಿಂದ ಗ್ಲಾಸ್ಗೊ ಸುಮಾರು 400 ಮೈಲಿ. 20 ಮೈಲಿ ವೇಗದ ಮಿತಿ, ದಿನಕ್ಕೆ 11 ಗಂಟೆ ಚಾಲನೆಯ ಮಿತಿ. ಏನೇ ಮಾಡಿದರೂ ಒಂದು ರಾತ್ರಿ ದಾರಿಯಲ್ಲೇ. ಚಾಲಕರ ಹೋಟೆಲುಗಳು, ಬಾಡಿಗೆ ಹಾಸಿಗೆಯ ಮನೆಗಳು ಈ ದಾರಿಯುದ್ದಕ್ಕೂ ಹುಟ್ಟಿದ್ದು ಹೀಗೆ. 1970ರಲ್ಲಿ ಎಂ6 ಪಕ್ಕದ ಕಣಿವೆಯಲ್ಲಿ ತೆರೆದ ಮೇಲೆ ಅವು ಒಂದೊಂದಾಗಿ ಮುಚ್ಚಿದವು, ಹೆಸರಾಗಿದ್ದ ಜಂಗಲ್ ಕೆಫೆ ಕೂಡ.

ತುದಿಯಲ್ಲಿ ರಸ್ತೆ ಬದಿಗೆ ಕಾರು ನಿಲ್ಲಿಸುವ ಜಾಗವಿದೆ, ಅಲ್ಲೇ ಆ ದಾರಿಯ ಚಾಲಕರ ನೆನಪಿನ ಕಲ್ಲು. ಅಂಗಡಿ, ಶೌಚಾಲಯ, ನೆರಳು ಏನೂ ಇಲ್ಲ. ನೀರು, ತಿಂಡಿ, ಗಾಳಿ ತಡೆಯುವ ಜಾಕೆಟ್ ಕೆಂಡಾಲ್‌ನಿಂದಲೇ ತನ್ನಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು, ಹಿಮ ಬಿದ್ದರೆ ರಸ್ತೆ ಮುಚ್ಚುತ್ತಾರೆ. ಕೆಂಡಾಲ್‌ನಲ್ಲಿ ನಿಂತು ನೋಡಿದಾಗ ಗುಡ್ಡದ ತಲೆ ಮಂಜಿನಲ್ಲಿ ಮುಳುಗಿದ್ದರೆ ಹತ್ತಬೇಡಿ. ಗಡಿಯಾರ ನೋಡಿಕೊಂಡು ಊಟ ಮಾಡಿ, ಮಧ್ಯಾಹ್ನ ಮಂಜು ಸರಿದ ಮೇಲೆ ಎರಡನೇ ಗೇರಿನಲ್ಲಿ ನಿಧಾನವಾಗಿ ಏರಿ.