ಎಸೆಯೋಕೆ ಮನಸ್ಸು ಬರದ ಲೇಬಲ್ ರೋಲ್

ನಮ್ಮಪ್ಪನದು ತಿಪಟೂರಿನಲ್ಲಿ ಸಣ್ಣ ದಿನಸಿ ಅಂಗಡಿ. ಏಳನೇ ಕ್ಲಾಸಿನಿಂದಲೇ ನಾನು ಅಲ್ಲಿ ಪೊಟ್ಟಣ ಕಟ್ಟಿದವನು. ಹಳೇ ಪೇಪರ್ ಹರಿದು ಸುರುಳಿ ಸುತ್ತಬೇಕು, ಕಾಲು ಕಿಲೋ ಕಡ್ಲೆಬೇಳೆ ಸುರಿದು ಬಾಯಿ ಮಡಚಬೇಕು, ಮೇಲಿಂದ ಇಳಿಬಿದ್ದ ದಾರ ಎಳೆದು ನಾಲ್ಕು ಸುತ್ತು ಸುತ್ತಬೇಕು. ಹಾಗಾಗಿ 2021ರ ಚಳಿಗಾಲದಲ್ಲಿ, ಕೆನಡಾದ ಒಂಟಾರಿಯೋದಲ್ಲಿ, ಏಜೆನ್ಸಿಯವರು "ಪ್ಯಾಕಿಂಗ್ ಕೆಲಸ ಇದೆ" ಅಂದಾಗ ನಾನು ಜಾಸ್ತಿ ಯೋಚನೆ ಮಾಡಲಿಲ್ಲ. ಏನನ್ನು ಪ್ಯಾಕ್ ಮಾಡೋದು ಅಂತ ಕೇಳಿದ್ದೇ ಎರಡನೇ ಫೋನಿನಲ್ಲಿ. ಕ್ಯಾನಬಿಸ್ ಅಂದರು. ನಮ್ಮ ಮಾತಲ್ಲಿ ಗಾಂಜಾ.

ಊರಿಗೆ ಫೋನ್ ಮಾಡಿ "ಔಷಧಿ ಗಿಡದ ಕಂಪನಿ" ಅಂದೆ. ಅಮ್ಮ ಒಪ್ಪಿಕೊಂಡರು. ಅಪ್ಪ ಮಾತ್ರ "ಯಾವ ಗಿಡನಪ್ಪಾ?" ಅಂದರು. ಕೊನೆಗೆ ಭಂಗಿ ಸೊಪ್ಪಿನ ಜಾತಿ ಅಂತ ಒಪ್ಪಿಕೊಂಡೆ. ಇಲ್ಲಿ 2018ರ ಅಕ್ಟೋಬರ್ 17ರಿಂದ ಇದು ಕಾನೂನಿನ ಪ್ರಕಾರವೇ ಮಾರಾಟವಾಗುತ್ತೆ, ಸರ್ಕಾರದ ಲೈಸೆನ್ಸ್ ಇದೆ, ತೆರಿಗೆ ಕಟ್ಟುತ್ತಾರೆ ಅಂತ ಅರ್ಧ ಗಂಟೆ ವಿವರಿಸಿದೆ. "ತೆರಿಗೆ ಕಟ್ತಾರೆ ಅಂದ್ರೆ ಸರಿ ಬಿಡು" ಅಂದರು ಅಪ್ಪ. ವ್ಯಾಪಾರಿ ಮನುಷ್ಯ.

ನಮ್ಮದು ತೀರಾ ಸಣ್ಣ ಜಾಗ. ಮೈಕ್ರೋ ಲೈಸೆನ್ಸ್ ಅಂತಾರೆ. ಆಗ ಅಂಥವರು ವರ್ಷಕ್ಕೆ 600 ಕಿಲೋಗಿಂತ ಜಾಸ್ತಿ ಗಾಂಜಾದ ಒಣ ಹೂವಿಗೆ ಕೈ ಹಾಕುವ ಹಾಗಿರಲಿಲ್ಲ. 2025ರ ಮಾರ್ಚ್‌ನಲ್ಲಿ ಮಿತಿಯನ್ನು 2,400 ಕಿಲೋಗೆ ಏರಿಸಿದರು. ಪ್ಯಾಕಿಂಗ್ ರೂಮಿನಲ್ಲಿ ನಾವು ಐದು ಜನ. ಎರಡು ಸ್ಟೀಲ್ ಟೇಬಲ್, ಮೂರು ತಕ್ಕಡಿ, ಒಂದು ಲೇಬಲ್ ಪ್ರಿಂಟರ್. ವಾಸನೆ ಹೇಗಿತ್ತು ಅಂದರೆ, ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ.

ಮೊದಲ ವಾರ ನನ್ನನ್ನು ತಕ್ಕಡಿಗೆ ಕೂರಿಸಿದರು. ಒಂದು ಪೌಚ್‌ಗೆ 3.5 ಗ್ರಾಂ. ಕಡ್ಲೆಬೇಳೆಯಾದರೆ ನಾಲ್ಕು ಕಾಳು ಹಾಕಿ, ಎರಡು ತೆಗೆದು ಸರಿ ಮಾಡಬಹುದು. ಇಲ್ಲಿ ಒಂದೊಂದು ಮೊಗ್ಗು ಒಂದೊಂದು ಗಾತ್ರ. ಒಂದು ದೊಡ್ಡದು, ಒಂದು ಮಧ್ಯಮ, ಕೊನೆಗೆ ಉಗುರಿನಷ್ಟು ಚಿಕ್ಕದು ಹುಡುಕಿ ಇಡಬೇಕು. ಆ ಚಿಕ್ಕ ಮೊಗ್ಗುಗಳನ್ನು ಬೇರೆ ತಟ್ಟೆಯಲ್ಲಿ ಇಟ್ಟುಕೊಂಡರೆ ಕೆಲಸ ಬೇಗ ಸಾಗುತ್ತೆ. ಇದನ್ನು ಯಾರೂ ಹೇಳಿಕೊಡಲಿಲ್ಲ, ಪಕ್ಕದ ಪಂಜಾಬಿ ದೀದಿಯನ್ನು ನೋಡಿ ಕಲಿತೆ.

ಮೊದಲ ದಿನ ಅಭ್ಯಾಸಬಲದಿಂದ ಎಲ್ಲದಕ್ಕೂ ಒಂದು ಚೂರು ಕೊಸರು ಹಾಕಿದೆ. ಅಪ್ಪನ ಅಂಗಡಿಯಲ್ಲಿ ತಕ್ಕಡಿ ಗಿರಾಕಿಯ ಕಡೆ ವಾಲಲೇಬೇಕು. ಇಲ್ಲಿ ಸೂಪರ್‌ವೈಸರ್ ಹತ್ತು ಪೌಚ್ ತೆಗೆದು ತೂಗಿ ಮೂರನ್ನು ವಾಪಸ್ ಇಟ್ಟರು. ಲೇಬಲ್ ಮೇಲಿನ ತೂಕಕ್ಕೂ ಒಳಗಿನ ತೂಕಕ್ಕೂ ಶೇಕಡಾ 5ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕಡಿಮೆಯೂ ತಪ್ಪು, ಜಾಸ್ತಿಯೂ ತಪ್ಪು. ಅಂದರೆ 3.325ರಿಂದ 3.675ರ ಒಳಗೆ. ಒಳ್ಳೆ ಮನಸ್ಸಿನಿಂದ ಹಾಕಿದ ಕೊಸರಿಗೂ ತಪ್ಪು ಅನ್ನುವ ವ್ಯಾಪಾರ ನಾನು ನೋಡಿದ್ದು ಅದೇ ಮೊದಲು.

ಪೌಚ್ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಚಿಪ್ಸ್ ಪ್ಯಾಕೆಟ್ ನೋಡಿ, "ನನ್ನನ್ನು ತಗೋ" ಅಂತ ಕೂಗುತ್ತೆ. ಇದು ಬಾಯಿ ಮುಚ್ಚಿಕೊಂಡು ಕೂತಿರಬೇಕು ಅಂತಲೇ ಕಾನೂನು. ಇಡೀ ಪೌಚ್ ಒಂದೇ ಬಣ್ಣ. ಮಿಂಚುವ ಹಾಗಿಲ್ಲ. ಮನುಷ್ಯರ, ಪ್ರಾಣಿಗಳ ಚಿತ್ರ ಇಲ್ಲ. ಒಂದು ಕೆಂಪು ಎಂಟು ಮೂಲೆಯ ಗುರುತು ಇರಬೇಕು, ಅದರೊಳಗೆ ಎಲೆ ಮತ್ತು ಟಿಎಚ್‌ಸಿ (ಗಾಂಜಾದ ಅಮಲಿನ ಅಂಶ) ಅನ್ನುವ ಅಕ್ಷರಗಳು. ಅದು ಕನಿಷ್ಠ 1.27 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ. ಕಂಪನಿಯ ಲೋಗೋ ಆ ಗುರುತಿಗಿಂತ ದೊಡ್ಡದಾಗುವ ಹಾಗಿಲ್ಲ! ಹಳದಿ ಚೌಕದಲ್ಲಿ ಆರೋಗ್ಯದ ಎಚ್ಚರಿಕೆ. ಅದನ್ನೂ ಒಂದೇ ವಾಕ್ಯ ಇಟ್ಟುಕೊಂಡು ಕೂರುವಂತಿಲ್ಲ, ವರ್ಷದಲ್ಲಿ ಬೇರೆ ಬೇರೆ ಎಚ್ಚರಿಕೆಗಳನ್ನು ಸರದಿಯಂತೆ ಹಾಕಬೇಕು. ಮಕ್ಕಳು ತೆರೆಯಲಾಗದ ಬಾಯಿ ಬೇರೆ. ಮೊದಲ ದಿನ ಅದನ್ನು ತೆರೆಯೋಕೆ ನನಗೇ ಎರಡು ನಿಮಿಷ ಬೇಕಾಯಿತು, ಆ ಮಾತು ಬಿಡಿ.

ಮೇಲಾಗಿ ಎಲ್ಲವೂ ಎರಡು ಭಾಷೆಯಲ್ಲಿ, ಇಂಗ್ಲಿಷ್ ಮತ್ತು ಫ್ರೆಂಚ್. ಕೈಯಗಲದ ಪೌಚ್ ಮೇಲೆ ಇಷ್ಟೆಲ್ಲ ಹಿಡಿಸೋದು ಅಂದರೆ ಚಿಕ್ಕ ಮನೆಗೆ ಮದುವೆ ದಿಬ್ಬಣ ತುಂಬಿದ ಹಾಗೆ.

ಲೇಬಲ್‌ನಲ್ಲಿ ನನಗೆ ತುಂಬಾ ತಲೆ ತಿಂದಿದ್ದು ಟಿಎಚ್‌ಸಿ ಲೆಕ್ಕ. ಆಗಿನ ನಿಯಮದಂತೆ ಎರಡು ಸಂಖ್ಯೆ ಬರೆಯಬೇಕಿತ್ತು. ‘ಟಿಎಚ್‌ಸಿ 6’ ಅಂತ ಒಂದು, ‘ಒಟ್ಟು ಟಿಎಚ್‌ಸಿ 241’ ಅಂತ ಇನ್ನೊಂದು. ಎರಡೂ ಒಂದು ಗ್ರಾಂಗೆ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. ಹಸಿ ಗಿಡದಲ್ಲಿ ಅಮಲು ಬರಿಸುವ ಟಿಎಚ್‌ಸಿ ಸ್ವಲ್ಪವೇ ಇರುತ್ತೆ. ಬಹುಪಾಲು ಟಿಎಚ್‌ಸಿಎ ಅನ್ನುವ ಆಮ್ಲದ ರೂಪದಲ್ಲಿರುತ್ತೆ. ಬಿಸಿ ತಾಗಿದಾಗ ಅದರಿಂದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಟಿಎಚ್‌ಸಿ ಉಳಿಯುತ್ತೆ. ಹಾರಿಹೋದ ತೂಕ ಕಳೆಯೋಕೆ ಟಿಎಚ್‌ಸಿಎಯನ್ನು 0.877ರಿಂದ ಗುಣಿಸಬೇಕು. ಲ್ಯಾಬ್ ವರದಿಯಲ್ಲಿ ಟಿಎಚ್‌ಸಿಎ 268 ಇದ್ದರೆ 235 ಆಗುತ್ತೆ, ಅದಕ್ಕೆ ಮೊದಲೇ ಇದ್ದ 6 ಸೇರಿಸಿದರೆ 241. ಕೊಳ್ಳುವವರು ಚಿಕ್ಕ ಸಂಖ್ಯೆ ನೋಡಿ "ಇದು ಮೆತ್ತಗಿದೆ" ಅಂದುಕೊಂಡರೆ ಕಥೆ ಮುಗಿಯಿತು. ಆದ್ದರಿಂದ ಆ ಎರಡು ಸಾಲನ್ನು ನಾವು ಮೂರು ಸಲ ಓದುತ್ತಿದ್ದೆವು.

ಇದೇ ತಳಿ ಮತ್ತೊಮ್ಮೆ ಬೆಳೆದರೆ ಸಂಖ್ಯೆ ಬೇರೆ ಬರುತ್ತೆ. ಒಂದೇ ರೂಮು, ಒಂದೇ ದೀಪ, ಒಂದೇ ಗೊಬ್ಬರ, ಆದರೂ ಬೇರೆ. ಪ್ರತಿ ಕೊಯ್ಲಿಗೂ ಬೇರೆ ಲಾಟ್ ನಂಬರ್ ಇರೋದು ಅದಕ್ಕೇ. ಇದನ್ನು ಬಾಯಲ್ಲಿ ಹೇಳಬಲ್ಲವನಾಗಿದ್ದೆ. ಕೈಗೆ ಇನ್ನೂ ಇಳಿದಿರಲಿಲ್ಲ.

ಆಗಿದ್ದು ಇಷ್ಟು. 2022ರ ಬೇಸಿಗೆಯಲ್ಲಿ ಒಂದು ತಳಿಯ ಲಾಟ್ ಮುಗಿಯಿತು. ಅದರ ಒಟ್ಟು ಟಿಎಚ್‌ಸಿ 212. ಪ್ರಿಂಟ್ ಮಾಡಿದ ಲೇಬಲ್‌ನಲ್ಲಿ ನೂರೈವತ್ತರಷ್ಟು ಉಳಿದವು. ಅವನ್ನು ಎಣಿಸಿ, ಬರೆದಿಟ್ಟು, ಹರಿದು ಹಾಕಬೇಕು ಅಂತ ನಿಯಮ. ಆವತ್ತು ಶುಕ್ರವಾರ, ಸಂಜೆ ಬಸ್ಸಿಗೆ ಹನ್ನೆರಡು ನಿಮಿಷ. ಎಣಿಸಿ ಬರೆದೆ. ಹರಿದೆ ಅಂತಲೂ ಬರೆದೆ. ಆದರೆ ಕೈಯಲ್ಲಿ ಹಿಡಿದು ನೋಡಿದರೆ, ಹೊಸ ರೋಲ್, ಅಚ್ಚುಕಟ್ಟು ಪ್ರಿಂಟು, ಒಂದೂ ಸುಕ್ಕಿಲ್ಲ. ಎಸೆಯೋಕೆ ಮನಸ್ಸು ಬರಲಿಲ್ಲ. ನಮ್ಮ ಮನೆಯಲ್ಲಿ ಹಾಲಿನ ಕವರ್ ತೊಳೆದು ಒಣಗಿಸಿ ಇಡುತ್ತಾರೆ. ಮದುವೆ ಪತ್ರಿಕೆಯ ಹಿಂದೆ ಸಾಮಾನಿನ ಪಟ್ಟಿ ಬರೆಯುತ್ತಾರೆ. ರಬ್ಬರ್ ಬ್ಯಾಂಡ್ ಹಾಕಿ ಟೇಬಲ್ ಡ್ರಾಯರ್‌ನಲ್ಲಿ ಇಟ್ಟೆ. ಸೋಮವಾರ ಹರಿದರಾಯ್ತು ಅಂದುಕೊಂಡೆ. ಸೋಮವಾರ ಮರೆತೆ.

ಮೂರು ವಾರದ ನಂತರ ಅದೇ ತಳಿಯ ಹೊಸ ಲಾಟ್ ಬಂತು. ಒಟ್ಟು ಟಿಎಚ್‌ಸಿ 241. ಲೇಬಲ್ ಪ್ರಿಂಟ್ ಮಾಡಿದ್ದು 1,250. ಅದರಲ್ಲಿ 38 ಹಾಳು, ಫ್ರೆಂಚ್ ಅಕ್ಷರಗಳ ತಲೆ ಮೇಲಿನ ಗೆರೆಗಳನ್ನೆಲ್ಲ ಪ್ರಿಂಟರ್ ಚೌಕ ಮಾಡಿ ಕೂರಿಸಿತ್ತು. ಸಂಜೆ ಪಾಳಿಯ ಹುಡುಗನಿಗೆ ಲೇಬಲ್ ಸಾಲದೆ ಬಂತು. ಡ್ರಾಯರ್ ಎಳೆದ. ಅದೇ ಹೆಸರು, ಅದೇ ಬಣ್ಣ, ಅದೇ ಅಳತೆಯ ರೋಲ್. ಪಾಪ, ಖುಷಿಯಿಂದ ಅಂಟಿಸಿದ.

ಬೆಳಿಗ್ಗೆ ಕ್ವಾಲಿಟಿ ನೋಡುವ ಮೇಡಂ ಲೆಕ್ಕ ಹಾಕುತ್ತಾ ಕೂತಿದ್ದರು. ಪ್ರಿಂಟ್ ಆಗಿದ್ದು 1,250, ಹಾಳಾಗಿದ್ದು 38, ಉಳಿಯಬೇಕಾದ್ದು 1,212. ಅಂಟಿಸಿದ ಪೌಚ್ 1,356. ಕಡಿಮೆ ಬಂದಿದ್ದರೆ ಎಲ್ಲೋ ಬಿದ್ದಿವೆ ಅನ್ನಬಹುದಿತ್ತು. ಇದು ಜಾಸ್ತಿ. ಪ್ರಿಂಟ್ ಮಾಡದೇ ಇರೋ 144 ಲೇಬಲ್ ಎಲ್ಲಿಂದ ಬಂದವು? ಅವರು ಕೇಳಿದ್ದು ಇಡೀ ರೂಮಿಗೆ. ನನ್ನ ಹೊಟ್ಟೆಯಲ್ಲಿ ಮಾತ್ರ ಏನೋ ಕೆಳಗಿಳಿಯಿತು.

ಎದ್ದು ನಿಂತು ಹೇಳಿದೆ. ಆ ಒಂದು ಕೆಲಸ ಮಾತ್ರ ಆವತ್ತು ಸರಿಯಾಗಿ ಮಾಡಿದೆ.

ಪೌಚ್‌ಗಳೆಲ್ಲ ಆಗಲೇ ಹನ್ನೆರಡರಂತೆ 113 ಡಬ್ಬಗಳಿಗೆ ಸೇರಿದ್ದವು. ತಪ್ಪು ಲೇಬಲ್‌ನವು ಯಾವ ಡಬ್ಬದಲ್ಲಿವೆ ಅಂತ ಗೊತ್ತಿಲ್ಲ. ಹಾಗಾಗಿ 113ನ್ನೂ ಬಿಚ್ಚಿದೆವು. 1,356 ಪೌಚ್, ಪ್ರತಿಯೊಂದರ ಲಾಟ್ ನಂಬರ್ ಕಣ್ಣಿನ ಹತ್ತಿರ ಹಿಡಿದು ಓದಬೇಕು. ದೀದಿ ಅಂಕಿ ಜೋರಾಗಿ ಓದುತ್ತಿದ್ದರು, ನಾನು ಹಾಳೆಯಲ್ಲಿ ಗೆರೆ ಎಳೆಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವರು ಪಂಜಾಬಿಯಲ್ಲಿ ಓದುತ್ತಿದ್ದರು, ನಾನು ಕನ್ನಡದಲ್ಲಿ ತಲೆಯಾಡಿಸುತ್ತಿದ್ದೆ.

ಆ 144ಕ್ಕೆ ಲೇಬಲ್ ಕಿತ್ತು ಬೇರೆ ಅಂಟಿಸೋಣ ಅಂದೆ. ಒಂದನ್ನು ಕಿತ್ತು ನೋಡಿದೆವು, ಪೌಚ್‌ನ ಮೇಲ್ಪದರವೇ ಎದ್ದು ಬಂತು. ಮೇಲೆ ಹೊಸದು ಅಂಟಿಸಿದರೆ? ಅಂಚಿನಲ್ಲಿ ಹಳೆಯದು ಇಣುಕುತ್ತೆ, ಮೇಡಂ ಬಿಲ್‌ಕುಲ್ ಒಪ್ಪಲಿಲ್ಲ. ಉಳಿದ ದಾರಿ ಒಂದೇ. ಒಡೆದು, ಹೂವು ಹೊರಗೆ ಸುರಿದು, ಮತ್ತೆ ತೂಗಿ, ಹೊಸ ಪೌಚ್‌ಗೆ ಹಾಕೋದು. ಅಷ್ಟರಲ್ಲಿ ಸುಂಕದ ಚೀಟಿಯೂ ಹರಿಯುತ್ತೆ. ಈ ಚೀಟಿ ಏನು ಅಂದರೆ, ಪೌಚ್‌ನ ಬಾಯಿಗೆ ಅಡ್ಡಲಾಗಿ ಅಂಟಿಸುವ ಸರ್ಕಾರದ ಎಕ್ಸೈಸ್ ಸ್ಟ್ಯಾಂಪ್. ನಮ್ಮಲ್ಲಿ ಮದ್ಯದ ಬಾಟಲಿಯ ಮುಚ್ಚಳದ ಮೇಲೆ ಇರುತ್ತಲ್ಲ, ಆ ಥರದ್ದು ಅಂದುಕೊಳ್ಳಿ. ಪ್ರಾಂತ್ಯಕ್ಕೊಂದು ಬಣ್ಣ. ಆಲ್ಬರ್ಟಾಗೆ ಹೋಗುವ ಮಾಲಿಗೆ ಒಂಟಾರಿಯೋದ ಚೀಟಿ ನಡೆಯಲ್ಲ. ಒಂದೊಂದಕ್ಕೂ ಲೆಕ್ಕ ಕೊಡಬೇಕು, ಹರಿದದ್ದಕ್ಕೂ ಸೇರಿ. ಹರಿದ 144 ಚೀಟಿಗಳನ್ನು ಒಂದು ಹಾಳೆಯ ಮೇಲೆ ಸಾಲಾಗಿ ಅಂಟಿಸಿದ್ದು ನಾನೇ. ಸ್ಕೂಲಿನಲ್ಲಿ ಒಣಗಿದ ಎಲೆ ಅಂಟಿಸಿದ ಹಾಗೆ.

ಅರ್ಧ ಕಿಲೋ ಹೂವು, ಸರಿಯಾಗಿ 504 ಗ್ರಾಂ, ಎರಡನೇ ಸಲ ಕೈ ಬದಲಾಯಿತು. ಪ್ರತಿ ಸಲ ಸುರಿದಾಗಲೂ ಪುಡಿ ಉದುರುತ್ತೆ, ಬೆಲೆ ಇರೋದೇ ಆ ಪುಡಿಗೆ. ತೂಕ ಸರಿಮಾಡೋಕೆ ಬೇರೆ ಮೊಗ್ಗು ಹಾಕಬೇಕಾಯಿತು. ಎರಡು ದಿನ ಹೋಯಿತು. ಅಷ್ಟಕ್ಕೂ ಒಂದು ಸಂಖ್ಯೆ ತಪ್ಪಾದರೆ ಏನಾಗುತ್ತೆ ಅಂತ ಊಟದ ಹೊತ್ತಿಗೆ ಆ ಹುಡುಗ ಕೇಳಿದ. 212 ಅಂತ ನಂಬಿ ತಗೊಂಡವರಿಗೆ 241 ಸಿಗುತ್ತೆ, ಅದೊಂದು. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ನಾಳೆ ಹೊಸ ಲಾಟ್‌ನಲ್ಲಿ ಬೂಷ್ಟು ಸಿಕ್ಕಿತು ಅಂತ ಇಟ್ಟುಕೊಳ್ಳಿ. ಅಂಗಡಿಗಳಿಗೆ ಆ ಲಾಟ್ ನಂಬರ್ ಕೊಟ್ಟು ವಾಪಸ್ ಕೇಳುತ್ತಾರೆ. ಈ 144 ಪೌಚ್‌ಗಳು ಹಳೇ ನಂಬರ್ ಹೊತ್ತುಕೊಂಡು ಆರಾಮಾಗಿ ಶೆಲ್ಫ್ ಮೇಲೆ ಕೂತಿರುತ್ತವೆ. ಯಾರೂ ಅವನ್ನು ಹುಡುಕಲ್ಲ.

ಬೈಗುಳ ಬರುತ್ತೆ ಅಂತ ಕಾಯುತ್ತಿದ್ದೆ. ಹರಿದಿಲ್ಲದೆ ‘ಹರಿದೆ’ ಅಂತ ಬರೆದಿದ್ದಕ್ಕೆ ಬಂತು, ಚೆನ್ನಾಗಿಯೇ ಬಂತು. ಒಂದು ಎಚ್ಚರಿಕೆ ಪತ್ರವೂ ಬಂತು. ಅಂಟಿಸಿದ ಹುಡುಗನಿಗೆ ಏನೂ ಅನ್ನಲಿಲ್ಲ. ಮಾರನೇ ದಿನ ಮೇಡಂ ಸ್ಕ್ರೂಡ್ರೈವರ್ ತಂದು ಎರಡೂ ಟೇಬಲ್‌ನ ಡ್ರಾಯರ್‌ಗಳನ್ನು ಬಿಚ್ಚಿ ಹೊರಗಿಟ್ಟರು. ಆಮೇಲೆ ಜೇಬಿರುವ ಏಪ್ರನ್‌ಗಳೂ ಹೋದವು. ಈಗ ಒಂದು ಲಾಟ್ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಇಬ್ಬರು ಸೇರಿ ನೋಡುತ್ತೇವೆ. ಟೇಬಲ್ ಮೇಲೆ, ಟೇಬಲ್ ಕೆಳಗೆ, ಪ್ರಿಂಟರ್ ಬಾಯಿಯಲ್ಲಿ, ಕಸದ ಬುಟ್ಟಿಯಲ್ಲಿ. ಹಿಂದಿನ ಲಾಟ್‌ನ ಒಂದು ಲೇಬಲ್, ಒಂದು ಚೂರು ಹೂವು ಕಂಡರೂ ಶುರು ಮಾಡುವಂತಿಲ್ಲ. ಉಳಿದ ಲೇಬಲ್ ಒಬ್ಬರು ಎಣಿಸಿದರೆ ಇನ್ನೊಬ್ಬರ ಕಣ್ಣೆದುರೇ ಹರಿಯಬೇಕು, ಇಬ್ಬರೂ ಸಹಿ ಹಾಕಬೇಕು. ಇಂಥ ಕೆಲಸಕ್ಕೆ ಸೇರೋರಿಗೆ ನಾನು ಮೊದಲು ತೋರಿಸೋದು ಹರಿಯುವ ಮೆಷಿನ್ನನ್ನೇ. ತೂಕ, ಅಂಟಿಸೋದು ಎಲ್ಲ ಆಮೇಲೆ.

ನಿಯಮಗಳು ಬದಲಾಗುತ್ತಲೇ ಇವೆ. 2025ರಿಂದ ಒಣ ಹೂವಿನ ಪೌಚ್‌ಗೆ ಒಳಗಿನದು ಕಾಣುವಂಥ ಕಿಟಕಿ ಇಡಬಹುದು. ಗಮ್ಮಿಗಳಿಗೆ ಪ್ಯಾಕೆಟ್‌ಗೆ 10 ಮಿಲಿಗ್ರಾಂ ಟಿಎಚ್‌ಸಿ ಮಿತಿ ಹಾಗೇ ಇದೆ. "ಊರಿಗೆ ಬರೋವಾಗ ಒಂದು ಪ್ಯಾಕೆಟ್ ತಗೊಂಡು ಬಾರೋ" ಅನ್ನುವ ಗೆಳೆಯರೂ ಹಾಗೇ ಇದ್ದಾರೆ. ಕೆನಡಾದ ಗಡಿ ದಾಟಿಸುವುದೇ ಅಪರಾಧ, ಇನ್ನು ಬೆಂಗಳೂರಿನಲ್ಲಿ ಇಳಿದರೆ ಮಾದಕವಸ್ತು ತಡೆಯೋ ಎನ್‌ಡಿಪಿಎಸ್ ಕಾಯ್ದೆ ಕಾಯುತ್ತಿರುತ್ತೆ ಅಂದರೆ ನಗುತ್ತಾರೆ.

ಈ ಕಥೆ ಅಪ್ಪನಿಗೆ ಹೇಳಿದ್ದು ತುಂಬಾ ದಿನದ ಮೇಲೆ. 144 ಪೌಚ್, 113 ಡಬ್ಬ ಎಲ್ಲ ಕೇಳಿಸಿಕೊಂಡರು. ಕೊನೆಗೆ ಅವರಿಗೆ ಸಂಕಟವಾಗಿದ್ದು ಒಂದೇ ವಿಷಯಕ್ಕೆ.

"ಚೆನ್ನಾಗಿರೋ ಚೀಟಿನ ಹರಿದು ಹಾಕ್ತೀರಾ? ಹಿಂದುಗಡೆ ಲೆಕ್ಕ ಬರೆಯೋಕಾದ್ರೂ ಬರ್ತಿತ್ತಲ್ವಾ?"

"ಹಿಂದುಗಡೆ ಅಂಟು ಇರುತ್ತಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ. ಯಾವುದಾದ್ರೂ ಡಬ್ಬಕ್ಕೆ ಅಂಟಿಸಬಹುದಿತ್ತು."